ಬ್ರೇಕು ಹಿಡಿದ ಕಾರಿನ ಪಾಟೀಸವಾಲು

ಕೊಪ್ಪಳದ ಕೋರ್ಟಿನ ವಕೀಲರ ಕೋಣೆಯಲ್ಲಿ ನಮ್ಮ ಸಾಹೇಬರ ಶ್ರದ್ಧಾಂಜಲಿ ಸಭೆ ನಡೆದಾಗ ಮಾತಾಡಿದವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿದರು. ಅವರಂಥ ಪಾಟೀಸವಾಲು ಮಾಡುವ ವಕೀಲ ಈ ಭಾಗದಲ್ಲಿ ಹುಟ್ಟಲಿಲ್ಲ, ಎದುರು ಪಕ್ಷದ ಸಾಕ್ಷಿಯನ್ನು ಅವರು ಸುಮ್ಮನೆ ಕಟಕಟೆಯಿಂದ ಇಳಿಯಗೊಟ್ಟವರೇ ಅಲ್ಲ, ಎಂದರು. 'ಪಾಟೀಸವಾಲಿಲ್ಲ' ಎನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ ಎಂದು ಅಧ್ಯಕ್ಷರು ಸವಾಲನ್ನೇ ಹಾಕಿದರು. ನಾನು ಕೈ ಎತ್ತಲಿಲ್ಲ. ಆದರೆ ನಾನು ಕೇಳಿದ್ದೇನೆ. ಅದು ಕೋರ್ಟಿನಲ್ಲಲ್ಲ, ಅವರ ಮನೆಯ ಕೊಟ್ಟಿಗೆಯಲ್ಲಿ, ಬಾಯ್ತೆರೆದು ನಿಂತ ಒಂದು ಕಾರಿನ ಮುಂದೆ. ಹಾರ ಹಾಕಿದ ಫೋಟೋದ ಎದುರು ನಗು ಬರುವಂಥದ್ದನ್ನು ಹೇಳಬಾರದೆಂಬ ರೂಢಿಯಿದೆಯಲ್ಲ, ಅದಕ್ಕೆ ಸುಮ್ಮನಿದ್ದೆ. ಇಲ್ಲಿ ಫೋಟೋ ಇಲ್ಲ, ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಗೆ ನಾನು ಅವರ ಕೈಕೆಳಗೆ ಜೂನಿಯರ್ ಆಗಿ ಸೇರಿದೆ. ಸಾಹೇಬರು ಎತ್ತರದ ಆಳು. ಮೊಣಕೈಯಲ್ಲಿ ಬೆಳ್ಳಗಾದ ಕರಿ ಕೋಟು, ಸದಾ ಎಣ್ಣೆ ಮಿನುಗುವ ತಲೆ. ಆ ಎಣ್ಣೆಯನ್ನು ಅವರ ತಾಯಿ ಮನೆಯಲ್ಲೇ ಮೆಂತ್ಯ, ಕಚೋರ ಹಾಕಿ ಕಾಸುತ್ತಿದ್ದರು. ಎಳ್ಳೆಣ್ಣೆಗೆ ಇವೆಲ್ಲ ಸೇರಿ ಹುಟ್ಟಿದ ಆ ಘಾಟು ಯಾವ ಅಂಗಡಿಯ ಎಣ್ಣೆಗೂ ಇರಲಿಲ್ಲ. ಕೋರ್ಟಿನ ವರಾಂಡದಲ್ಲಿ ಕಣ್ಣು ಮುಚ್ಚಿ ನಿಂತ ಕಕ್ಷಿದಾರನೂ ಸಾಹೇಬರು ಬಂದರೆಂದು ಮೂಗಿನಿಂದಲೇ ತಿಳಿದು ಎದ್ದು ನಿಲ್ಲುತ್ತಿದ್ದ.

ಅವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಇದನ್ನು ಅವರು ವೃತ್ತಿಯೆಂದು ತಿಳಿದಿದ್ದರು, ನಾವು ರೋಗವೆಂದು ತಿಳಿದಿದ್ದೆವು. ಹಾಲು ಮಾರುವ ಹೆಂಗಸು, "ನೀರು ಹಾಕಿಲ್ರಿ ಸಾಹೇಬ್ರ" ಅಂದರೆ, "ಹಾಕೇ ಇಲ್ಲೋ, ಹಾಕೂದನ್ನ ನೀ ನೋಡಿಲ್ಲೋ?" ಎಂದು ಕೇಳುತ್ತಿದ್ದರು. ಆಕೆ ಗಡಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ತನಗೇ ಅನುಮಾನ ಬಂದವಳಂತೆ ಹಾಲನ್ನು ಬಗ್ಗಿ ನೋಡುತ್ತಿದ್ದಳು. ನನ್ನ ಲಗ್ನಪತ್ರಿಕೆ ಕೊಡಲು ಹೋದಾಗ ನನ್ನನ್ನೂ ಬಿಡಲಿಲ್ಲ. "ಹುಡುಗಿ ಒಪ್ಪ್ಯಾಳ ಅಂತ ನಿನಗ ಯಾರು ಹೇಳಿದ್ರು? ಖುದ್ದು ಕೇಳಿದೇನು? ಇಲ್ಲಂದ್ರ ಅದು ಕೇಳಿದ ಮಾತು, ಸಾಕ್ಷಿ ಅಲ್ಲ." ನಾನು ಹೋಗಿ ಖುದ್ದು ಕೇಳಿದೆ. ಅಂದಿನಿಂದ ಇಂದಿನವರೆಗೆ ನನ್ನ ಹೆಂಡತಿ ನನ್ನನ್ನು ಕೇಳುತ್ತಲೇ ಇದ್ದಾಳೆ.

ಒಬ್ಬರಿಗೆ ಮಾತ್ರ ಈ ಕಾಟದಿಂದ ವಿನಾಯಿತಿಯಿತ್ತು, ಅವರ ತಾಯಿಗೆ. ನಾವೆಲ್ಲ ಆಕೆಯನ್ನು ಅವ್ವ ಎನ್ನುತ್ತಿದ್ದೆವು. ಸೊಂಟ ಬಾಗಿದ, ಬಾಯಲ್ಲಿ ಹಲ್ಲಿಲ್ಲದ, ದನಿಯಲ್ಲಿ ಮಾತ್ರ ಗೌಡಿಕೆ ಉಳಿಸಿಕೊಂಡಿದ್ದ ಮುದುಕಿ. ಆಕೆ ಹಗಲನ್ನು ರಾತ್ರಿಯೆಂದರೂ ಸಾಹೇಬರು "ಹೌದವ್ವ" ಎಂದು ದೀಪ ಹಚ್ಚುವವರು. ಊರಿಗೆಲ್ಲ ಪುರಾವೆ ಕೇಳುವ ಮನುಷ್ಯ ಮನೆಯೊಳಗೆ ಹೀಗಿದ್ದದ್ದು ನನಗೆ ಆಗ ತಮಾಷೆಯಾಗಿ ಕಾಣುತ್ತಿತ್ತು.

ಇನ್ನು ಕಾರು. ಮೊದಲು ಅವರ ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತಿದ್ದವು. ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ಮೇಲೆ ಎತ್ತು ಮಾರಿ, ಆ ಜಾಗದಲ್ಲಿ ಒಂದು ಹಳೆಯ ಕರಿ ಕಾರನ್ನು ತಂದು ನಿಲ್ಲಿಸಿದರು. ಎತ್ತುಗಳಿಗೆ ಮೇವು ಹಾಕುತ್ತಿದ್ದ ಗೋದಲಿ ಹಾಗೇ ಇತ್ತು, ಕಾರಿನ ಮೂತಿ ಅದರ ಮೇಲೇ ಬರುತ್ತಿತ್ತು. ಒಂದು ದಿನ ಯಲಬುರ್ಗಾ, ಒಂದು ದಿನ ಕುಷ್ಟಗಿ, ಒಂದು ದಿನ ಗಂಗಾವತಿ, ಉಳಿದ ದಿನ ಕೊಪ್ಪಳ ಎಂದು ಸಾಹೇಬರು ಅದರಲ್ಲಿ ಕೋರ್ಟು ಸುತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರು, ಮುಂದೆ ನಾನು, ನನ್ನ ತೊಡೆಯ ಮೇಲೆ ಕಾಗದಪತ್ರಗಳ ಗಂಟು. ನಮ್ಮಿಬ್ಬರಿಗೂ ಕಾರು ನಡೆಸಲು ಬರುತ್ತಿರಲಿಲ್ಲ. ನಡೆಸುತ್ತಿದ್ದವನು ಇಮಾಮ್.

ಇಮಾಮನಿಗೆ ನಲವತ್ತರ ಆಸುಪಾಸು. ಮಾತು ಕಡಿಮೆ, ಮಾನ ಜಾಸ್ತಿ. ಗೇರು ಬದಲಿಸುವಾಗ ಸದ್ದಾದರೆ ತಾನೇ ನಾಲ್ಕು ಜನರೆದುರು ತೇಗಿದವನಂತೆ ನಾಚುತ್ತಿದ್ದ. ಹಬ್ಬಕ್ಕೆ ಅವ್ವ ಮಗನ ತಲೆಗೆ ಎಣ್ಣೆ ಹಚ್ಚಿ, ನನ್ನ ತಲೆಗೆ ಹಚ್ಚಿ, "ನೀನೂ ಬಾರೋ" ಎಂದು ಅವನನ್ನೂ ಕರೆಯುತ್ತಿದ್ದಳು. ಅವನು ಟೋಪಿ ತೆಗೆದು ತಲೆ ಬಗ್ಗಿಸುತ್ತಿದ್ದ. ಮನೆಯಲ್ಲಿ ದುಡಿಯುವ ಜೀವಗಳಿಗೆಲ್ಲ ಹಬ್ಬದ ಎಣ್ಣೆ ಸಲ್ಲಬೇಕು ಎಂಬುದು ಅವ್ವನ ಕಾನೂನು.

ಒಂದು ದೀಪಾವಳಿ ಮುಗಿದು ಕೆಲವು ದಿನ ಕಳೆದಿರಬೇಕು. ಯಲಬುರ್ಗಾ ದಾರಿಯಲ್ಲಿ ಇಮಾಮ್, "ಸಾಹೇಬ್ರ, ಗಾಡಿ ಹಿಡಕೊಂಡು ಹೊಂಟೈತ್ರಿ" ಅಂದ.

"ಯಾರು ಹಿಡಕೊಂಡಾರ?"

"ಬ್ರೇಕ್ ಹಿಡಕೊಂಡೈತ್ರಿ. ಕಾಲು ತಗದ್ರೂ ಬಿಡವಲ್ದು. ಆಕ್ಸಲೇಟರ್ ಬಿಟ್ರ ಸಾಕು, ನಿಂತ ಬಿಡತೈತಿ."

"ನೀ ಕಾಲು ತಗದಿ ಅನ್ನೂದಕ್ಕ ಪುರಾವೆ?"

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಗಾಲಿಯ ಒಳಗಿನ ಡ್ರಮ್ಮು ಕಾದು ಹೊಗೆಯಾಡುತ್ತಿತ್ತು. "ಮುಟ್ಟಬ್ಯಾಡ್ರಿ, ಸುಡತೈತಿ" ಎಂದ ಇಮಾಮ್. ಕೇಳಿದ ಮಾತನ್ನು ಸಾಕ್ಷಿಯೆಂದು ಒಪ್ಪುವ ಜಾಯಮಾನ ಸಾಹೇಬರದಲ್ಲ. ಬಗ್ಗಿ ಬೆರಳಿಟ್ಟರು. ಆ ದಿನ ಯಲಬುರ್ಗಾ ಕೋರ್ಟಿನಲ್ಲಿ ಅವರು ಬೆರಳನ್ನು ಬಾಯಲ್ಲಿಟ್ಟುಕೊಂಡೇ ವಾಯಿದೆ ಕೇಳಿದರು, ಸಿಕ್ಕಿತು.

ಮರುದಿನದಿಂದ ತನಿಖೆ ಶುರುವಾಯಿತು. ಕಾರಿಗೆ ಏನಾಗಿದೆಯೆಂದು ಯಾರನ್ನಾದರೂ ಕೇಳುವುದು ಬಿಟ್ಟು, ಯಾರು ಮಾಡಿದರೆಂದು ಹುಡುಕುವುದು ಸಾಹೇಬರ ಪದ್ಧತಿ. ಮೊದಲನೇ ಆರೋಪಿ ಹ್ಯಾಂಡ್‌ಬ್ರೇಕು. ಕೊಪ್ಪಳದ ಮೇಸ್ತ್ರಿಯನ್ನು ಮನೆಗೆ ಕರೆಸಿ ಅದರ ತಂತಿಯನ್ನೇ ಬಿಚ್ಚಿಸಿದರು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಡಿಕ್ಕಿಯಲ್ಲಿ ಇಡಿಸಿದರು. "ಇದು ಮುದ್ದೆಮಾಲು. ತನಿಖೆ ಮುಗಿಯೂತನಕ ಯಾರೂ ಬಿಚ್ಚಬಾರದು." ಕಳವಿನ ಕೇಸಿನಲ್ಲಿ ಪೊಲೀಸರು ಜಪ್ತಿ ಮಾಡಿದ ತಂಬಿಗೆಯನ್ನು ಕೋರ್ಟಿನಲ್ಲಿ ಇಡುತ್ತಾರಲ್ಲ, ಆ ಮರ್ಯಾದೆ ಅದಕ್ಕೆ ಸಿಕ್ಕಿತು. ಬ್ರೇಕು ಮಾತ್ರ ಹಿಡಿಯುವುದು ಬಿಡಲಿಲ್ಲ.

ಎರಡನೇ ಆರೋಪಿ ಬ್ರೇಕಿನ ಲೈನಿಂಗು. ಮೇಸ್ತ್ರಿ ಅದನ್ನು ಸಡಿಲಿಸಿದ. ಒಂದು ಹೊತ್ತು ಓಡಿ ಮತ್ತೆ ಹಿಡಿಯಿತು. ಮೂರನೇ ಆರೋಪಿ ಇಮಾಮನ ಬಲಗಾಲು. ಅವನು ನಡೆಸುವಾಗ ಕಾಲನ್ನು ಬ್ರೇಕಿನ ಮೇಲೆ ಸುಮ್ಮನೆ ಇಟ್ಟಿರುತ್ತಾನೋ ಎಂಬ ಗುಮಾನಿ. ಕುಷ್ಟಗಿಗೆ ಹೋಗುವಾಗ ಆ ಕಾಲನ್ನೇ ನೋಡುತ್ತ ಕೂರಬೇಕೆಂದು ನನಗೆ ಹುಕುಂ ಆಯಿತು. ಇಡೀ ದಾರಿ ನಾನು ಕುತ್ತಿಗೆ ಬಗ್ಗಿಸಿ ಒಬ್ಬ ಗಂಡಸಿನ ಚಪ್ಪಲಿ ನೋಡುತ್ತ ಕೂತೆ. ಎಲ್.ಎಲ್.ಬಿ. ಓದಿದ್ದಕ್ಕೆ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

"ಕಾಲು ಬ್ರೇಕಿನ ಮ್ಯಾಲ ಇರಲಿಲ್ರಿ" ಎಂದು ವರದಿ ಒಪ್ಪಿಸಿದೆ.

"ನೀ ರೆಪ್ಪಿ ಹೊಡದಾಗ?"

ಇದರಲ್ಲಿ ಒಂದು ವಿಚಿತ್ರವಿತ್ತು. ಬೆಳಿಗ್ಗೆ ಹೊರಟಾಗ ಕಾರು ಸಲೀಸಾಗಿ ಓಡುತ್ತಿತ್ತು. ಕೆಲವು ಮೈಲಿ ಹೋದ ಮೇಲೆ ಹಿಡಿಯುತ್ತಿತ್ತು. ಬೇವಿನ ನೆರಳಿಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ತಾನಾಗಿ ಬಿಡುತ್ತಿತ್ತು. ಇದನ್ನು ಸಾಹೇಬರು ಬಹಳ ಯೋಚಿಸಿದರು. ಕೊನೆಗೆ, "ಮುಂಜಾನಿ ಛಲೋ ಇದ್ದು ಮಧ್ಯಾಹ್ನ ಕೆಡೂದು ಯಂತ್ರದ ಗುಣ ಅಲ್ಲ, ಮನಷ್ಯಾನ ಗುಣ" ಎಂದು ತೀರ್ಮಾನಿಸಿದರು. ಮೇಲಾಗಿ ಕಾರು ಪೆಟ್ರೋಲನ್ನು ಮೊದಲಿಗಿಂತ ಹೆಚ್ಚು ಕುಡಿಯತೊಡಗಿತ್ತು. ಬ್ರೇಕು ಹಿಡಿದ ಗಾಲಿಯನ್ನು ಎಳೆಯಲು ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕೆಂದು ಇಮಾಮ್ ಹೇಳಿದ. ಆರೋಪಿಯ ಹೇಳಿಕೆಯನ್ನು ಸಾಹೇಬರು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಅದೇ ವಾರ ಕೊಪ್ಪಳದ ವಕೀಲರ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ಯಾರೋ ಕಾರಿನ ಕ್ಷೇಮ ವಿಚಾರಿಸಿದರು. ಸಾಹೇಬರು ಚಹಾದ ಬಸಿ ಕೆಳಗಿಟ್ಟು, "ರೋಗ ಸಿಕ್ಕಿತು. ರೋಗದ ಹೆಸರು ಇಮಾಮ್. ಬ್ರೇಕು ಹಿಡಿಯೂದು ನೆವ, ಪೆಟ್ರೋಲ್ ಹೋಗೂದು ಪ್ಯಾಟಿಗೆ" ಎಂದರು. ಕೋಣೆಯೆಲ್ಲ ನಕ್ಕಿತು. ಸಾಹೇಬರ ಚೀಲ ಹಿಡಿದು ಇಮಾಮ್ ಬಾಗಿಲಲ್ಲೇ ನಿಂತಿದ್ದ. ಚೀಲವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಸಂಜೆ ಕೊಟ್ಟಿಗೆಯಲ್ಲಿ ಅವನು ಸಾಹೇಬರ ಎದುರು ನಿಂತ. ಅವನ ಮಗಳಿಗೆ ಹನುಮಸಾಗರದ ಕಡೆಯಿಂದ ಸಂಬಂಧ ಬಂದಿತ್ತು. ಗಂಡಿನವರು ಮಾತಿಗೆ ಬರುವವರಿದ್ದರು. ವಕೀಲರ ಮನೆಯ ಡ್ರೈವರ್ ಎನ್ನುವುದೇ ಅವನ ಕಡೆಯ ಆಸ್ತಿ.

"ಕೆಲಸದಿಂದ ಬಿಡಸ್ರಿ ಸಾಹೇಬ್ರ, ನಾ ಏನೂ ಅನ್ನೂದಿಲ್ಲ. ಆದ್ರ ಕಳ್ಳ ಅಂತ ಬಿಡಸಬ್ಯಾಡ್ರಿ. ನಾಳೆ ಅವರು ಕೋರ್ಟಿನ ಮುಂದ ಚಹಾ ಕುಡದು, ಈ ಮನಷ್ಯಾ ಹೆಂಗದಾನ ಅಂತ ಕೇಳಿದ್ರ, ಅಲ್ಲಿ ಎಲ್ಲಾರೂ ಈಗ ಒಂದ ಮಾತು ಹೇಳ್ತಾರ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಗಂಗಾವತಿಯಾಗ ಒಬ್ಬ ಮೇಸ್ತ್ರಿ ಅದಾನಂತ. ನಾಡದು ಹೆಂಗೂ ಅಲ್ಲಿ ವಾಯಿದೆ ಐತಿ, ಅವನೂ ನೋಡ್ಲಿ. ಅವಗೂ ಏನೂ ಸಿಗಲಿಲ್ಲಂದ್ರ ಕೀಲಿ ಇಟ್ಟು ಹೋಗು."

ಗಂಗಾವತಿಯ ಆ ಮೇಸ್ತ್ರಿಯ ಶೆಡ್ಡು ಮರಳಿ ಎಂಬ ಊರಿನ ದಾರಿಯಲ್ಲಿ, ಕಾಲುವೆಯ ಹತ್ತಿರ ಇತ್ತು. ಆಂಧ್ರದ ಕಡೆಯಿಂದ ಭತ್ತದ ಗದ್ದೆಗಳ ಬೆನ್ನು ಹತ್ತಿ ಬಂದವನು. ಕೈಗಿಂತ ಬಾಯಿ ಜೋರು. ತಾನು ಮುಟ್ಟಿದ ಟ್ರ್ಯಾಕ್ಟರು ಮಾಲೀಕ ಸತ್ತರೂ ನಿಲ್ಲುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಸಾಹೇಬರು ಸ್ಟೂಲಿನ ಮೇಲೆ ಕೂತು, ತನಿಖೆಯ ಕಥೆಯನ್ನು ಮೊದಲಿನಿಂದ ಹೇಳಿ, ತಮ್ಮ ತೀರ್ಮಾನವನ್ನೂ ಹೇಳಿದರು.

"ಕಥಿ ಬಾಗುಂದಿ ಸಾರ್, ಛಲೋ ಐತಿ," ಎಂದ ಮೇಸ್ತ್ರಿ. "ಈಗ ಗಾಲಿ ಏನು ಹೇಳತೈತಿ ಕೇಳೋಣ."

ಓಡಿ ಬಂದ ಕಾರು ಇನ್ನೂ ಬಿಸಿಯಿತ್ತು. ಜಾಕು ಹಾಕಿ ಮುಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿದ. ಗಾಲಿ ಮಿಸುಕಲಿಲ್ಲ. ಅದರ ಹಿಂದೆ ಬ್ರೇಕಿನ ಎಣ್ಣೆ ಬಿಡುವ ಒಂದು ಸಣ್ಣ ನಟ್ಟಿತ್ತು. ಅದನ್ನು ಚೂರು ಸಡಿಲಿಸಿದ್ದೇ ತಡ, ಎಣ್ಣೆ ಚಿರ್ರೆಂದು ಹಾರಿತು, ಗಾಲಿ ಸಲೀಸಾಗಿ ತಿರುಗಿತು. "ಚೂಡಂಡಿ ಸಾರ್, ನೋಡ್ರಿ. ಕಾಲು ಒತ್ತಿದಾಗ ಎಣ್ಣಿ ಗಾಲಿಗೆ ಹೋಗತೈತಿ, ಕಾಲು ತಗದ್ರ ಹೊಳ್ಳಿ ಬರಬೇಕು. ಇದು ಹೊಳ್ಳಿ ಬರವಲ್ದು. ಕಾದಂಗ ಉಬ್ಬತೈತಿ, ಹಿಡೀತೈತಿ. ತಣ್ಣಗಾದ್ರ ಬಿಡತೈತಿ. ಡ್ರೈವರ್ ಕಾಲು ಅಲ್ಲ, ಹ್ಯಾಂಡ್‌ಬ್ರೇಕೂ ಅಲ್ಲ."

ಆಮೇಲೆ ಬಾನೆಟ್ಟಿನ ಕೆಳಗಿನ ಬ್ರೇಕಿನ ಸಿಲಿಂಡರು ಬಿಚ್ಚಿ ಒಳಗಿನ ರಬ್ಬರು ಹೊರತೆಗೆದ. ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಅದು ಊದಿಕೊಂಡಿತ್ತು. "ಇದರಾಗ ಯಾರೋ ಬ್ಯಾರೆ ಎಣ್ಣಿ ಹಾಕ್ಯಾರ. ರಬ್ಬರ್ ಕುಡದು ಉಬ್ಬಿ, ದಾರಿ ಕಟ್ಟೈತಿ."

ಸಾಹೇಬರು ಇಮಾಮನತ್ತ ತಿರುಗಿದರು. ಅವರ ಕಣ್ಣಲ್ಲಿ ಪಾಟೀಸವಾಲಿನ ಬೆಳಕು ಹತ್ತಿತು. "ಬ್ಯಾರೆ ಎಣ್ಣಿ. ಬಾನೆಟ್ಟು ತಗಿಯಾವ ಯಾರು? ನೀನು. ಮತ್ತ..."

ಅಷ್ಟರಲ್ಲಿ ಮೇಸ್ತ್ರಿ ಆ ಎಣ್ಣೆಯಲ್ಲಿ ಬೆರಳದ್ದಿ, ಮೂಸಿ, ಹುಬ್ಬು ಗಂಟಿಕ್ಕಿ, ಸಾಕ್ಷಿಯ ಮುಂದೆ ದಾಖಲೆ ಹಿಡಿಯುವಂತೆ ಸಾಹೇಬರ ಮೂಗಿನ ಕೆಳಗೆ ಹಿಡಿದ. "ನೀವೇ ನೋಡ್ರಿ. ಇದು ಅಡಗಿ ಎಣ್ಣಿನೂ ಅಲ್ಲ, ಮಷಿನ್ ಎಣ್ಣಿನೂ ಅಲ್ಲ. ತಲೀಗೆ ಹಚ್ಚೂದು."

ಮೆಂತ್ಯ. ಕಚೋರ. ಶೆಡ್ಡಿನ ಗ್ರೀಸಿನ ನಾತದಲ್ಲೂ ಅದು ನನಗೇ ಗೊತ್ತಾಯಿತು, ಸಾಹೇಬರಿಗೆ ಗೊತ್ತಾಗದೆ ಇದ್ದೀತೆ. ಅವರ ಕೈ ತಾನಾಗಿ ತಮ್ಮ ತಲೆಗೆ ಹೋಯಿತು. "ಗೊಟ್ಟ ಹಾಕ್ಯಾಳ," ಎಂದರು, ಯಾರಿಗೂ ಅಲ್ಲ ಎಂಬಂತೆ. ಎತ್ತುಗಳಿದ್ದ ಕಾಲದಲ್ಲಿ ಅವ್ವ ಹಬ್ಬದ ದಿನ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ ಅವುಗಳ ಬಾಯಿಗೆ ಹೊಯ್ಯುತ್ತಿದ್ದಳು, ಮೈಗೆ ಶಕ್ತಿ ಬರಲೆಂದು. ಈ ದೀಪಾವಳಿಯ ಬೆಳಿಗ್ಗೆ ಕಾರು ತೊಳೆದು, ಬಾನೆಟ್ಟು ತೆರೆದಿಟ್ಟು, ಇಮಾಮ್ ಫರಾಳ ತಿನ್ನಲು ಪಡಸಾಲೆಗೆ ಬಂದಿದ್ದ. ಗೋದಲಿಯ ಮೇಲೆ ಕಾರು ಬಾಯ್ತೆರೆದು ನಿಂತಿದ್ದನ್ನು ಅವ್ವ ನೋಡಿದ್ದಾಳೆ. ಅಷ್ಟೊಂದು ಯಂತ್ರಗಳ ನಡುವೆ ಮುಚ್ಚಳ ತಿರುಗಿಸಿದರೆ ಎಣ್ಣೆ ಕಾಣುವ ಒಂದು ಪುಟ್ಟ ಬಾಯಿ ಆಕೆಗೆ ಸಿಕ್ಕಿದೆ. ಊರನ್ನೆಲ್ಲ ಸಾಕ್ಷಿ ಕೇಳಿದ ಸಾಹೇಬರು ಮನೆಯಲ್ಲಿ ಒಬ್ಬರನ್ನು ಕೇಳಿರಲಿಲ್ಲ. ಕೇಳಿದ್ದರೆ ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು.

ಸಂಜೆಯ ಹೊತ್ತಿಗೆ ಮೇಸ್ತ್ರಿ ರಬ್ಬರುಗಳನ್ನೆಲ್ಲ ಬದಲಿಸಿ, ಕೊಳವೆ ತೊಳೆದು, ಹೊಸ ಎಣ್ಣೆ ತುಂಬಿದ. ಹ್ಯಾಂಡ್‌ಬ್ರೇಕಿನ ತಂತಿ ಎಲ್ಲಿ ಎಂದು ಕೇಳಿದ. "ಅದು ಮುದ್ದೆಮಾಲು" ಎಂದರು ಸಾಹೇಬರು, ಅಭ್ಯಾಸಬಲದಿಂದ. ತನಿಖೆ ಮುಗಿಯಿತೆಂದು ಹೇಳಲು ಅವರ ನಾಲಿಗೆ ಇನ್ನೂ ಸಿದ್ಧವಿರಲಿಲ್ಲ.

ಕೊಪ್ಪಳದ ದಾರಿಯಲ್ಲಿ ಕಾರು ಹಗುರವಾಗಿ ಓಡುತ್ತಿತ್ತು. ಬಂಡೆಗುಡ್ಡಗಳ ನಡುವಿನ ಏರು ಹತ್ತಿ ಇಳಿಜಾರು ಶುರುವಾದಾಗ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಇಮಾಮ್, ನಿನಗ ಸಂಶಯದ ಲಾಭ ಕೊಟ್ಟೇನಿ."

ಇಮಾಮ್ ಕಾರನ್ನು ಬದಿಗೆ ನಿಲ್ಲಿಸಿ, ಗೇರಿಗೆ ಹಾಕಿ, ಇಂಜಿನ್ ಆರಿಸಿದ. ಕೀಲಿ ತೆಗೆದು ಹಿಂದಕ್ಕೆ ಚಾಚಿದ. "ಇಷ್ಟು ವರ್ಷ ಕೋರ್ಟಿನ ಮುಂದ ಕುಂತೇನ್ರಿ, ಅದರ ಅರ್ಥ ನನಗ ಗೊತ್ತೈತಿ. ಕಳ್ಳ ಇರಬಹುದು, ಪುರಾವೆ ಸಿಗಲಿಲ್ಲ ಅಂತ. ಸಂಶಯ ಇನ್ನೂ ನಿಮ್ಮ ಹತ್ರ ಇದ್ರ ಅದರ ಲಾಭ ನನಗ ಬ್ಯಾಡ್ರಿ." ಕೀಲಿಯನ್ನು ಸಾಹೇಬರ ಕೈಗಿತ್ತು, ಕೊಪ್ಪಳದ ಕಡೆ ನಡೆಯತೊಡಗಿದ.

ನನಗೆ ಒಳಗೊಳಗೇ ಖುಷಿಯಾಯಿತು, ಆಮೇಲೆ ದಿಗಿಲಾಯಿತು. ಸಾಹೇಬರು ಕೆಂಪಾದರು. "ಹೋಗ್ಲಿ. ಇವನೊಬ್ಬನೇನು ಕಾರು ನಡಸಾವ? ಇಷ್ಟು ದಿನ ಇದನ್ನ ತನಿಖಿ ಮಾಡೇನಿ, ನನಗ ಗೊತ್ತಿಲ್ಲದ್ದು ಇದರಾಗ ಏನೈತಿ?" ಎನ್ನುತ್ತ ಇಳಿದು ಬಂದು ಮುಂದೆ ಕೂತರು. ಕೀಲಿ ಹಾಕುವ ಮೊದಲೇ ಗೇರಿನ ಕೋಲನ್ನು ಹಿಡಿದು, ಹೀಗೇ ಎಂಬಂತೆ ಒಮ್ಮೆ ಎಳೆದರು.

ಗೇರು ಕಳಚಿತು, ಕಾರು ಇಳಿಜಾರಿಗೆ ತಾನಾಗಿ ಹೊರಟಿತು. ಹಿಂದಿನ ವಾರವಾಗಿದ್ದರೆ ಬ್ರೇಕು ತಾನೇ ಹಿಡಿದು ನಿಲ್ಲಿಸುತ್ತಿತ್ತು. ಈಗ ಅದು ಗುಣವಾಗಿತ್ತು. ಎಳೆಯೋಣವೆಂದರೆ ಹ್ಯಾಂಡ್‌ಬ್ರೇಕು ಡಿಕ್ಕಿಯಲ್ಲಿ ದಾರ ಕಟ್ಟಿಸಿಕೊಂಡು ಮಲಗಿತ್ತು. ಸದ್ದಿಲ್ಲದೆ, ಮೊದಲು ಎತ್ತಿನ ಬಂಡಿಯ ವೇಗದಲ್ಲಿ, ಆಮೇಲೆ ಅದಕ್ಕಿಂತ ಜೋರಾಗಿ ನಾವು ಇಳಿಜಾರಿನಲ್ಲಿ ಇಮಾಮನ ಬೆನ್ನ ಹಿಂದೆ ಬಂದೆವು. ಸಾಹೇಬರು ಸ್ಟೇರಿಂಗನ್ನು ಎದೆಗವಚಿಕೊಂಡಿದ್ದರು. ನಾನು ಕಾಗದದ ಗಂಟನ್ನು ಅವಚಿಕೊಂಡಿದ್ದೆ. ಇಮಾಮ್ ತಿರುಗಿ ನೋಡಿದ. ನಾವು ಅವನನ್ನು ದಾಟುತ್ತಿದ್ದಂತೆ ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

"ಇಮಾಮ್, ಬ್ರೇಕ್ ಯಾವುದೋ?"

ಬ್ರೇಕಿನ ಮೇಲೆ ವಾರಗಟ್ಟಲೆ ವಿಚಾರಣೆ ನಡೆಸಿದ್ದ ಮನುಷ್ಯ ಅವರು.

"ನಡುವಿಂದ್ರಿ," ಇಮಾಮ್ ಓಡುತ್ತ ಕೂಗಿದ. "ನಡುವಿಂದು ಒತ್ರಿ."

ಒತ್ತಿದರು. ಕಾರು ಗಕ್ಕನೆ ನಿಂತಿತು, ನನ್ನ ಹಣೆ ಗಾಜಿಗೆ ಬಡಿಯಿತು. ಇಮಾಮ್ ಏದುಸಿರು ಬಿಡುತ್ತ ಬಂದು, ಬಾಗಿಲು ತೆರೆದು, ಕೈ ಒಳಹಾಕಿ ಗೇರಿಗೆ ಹಾಕಿದ. "ಕಾಲು ತಗೀರಿ ಈಗ." ಸಾಹೇಬರು ತೆಗೆಯಲಿಲ್ಲ. ಕಾಲನ್ನು ಅಲ್ಲೇ ಒತ್ತಿಕೊಂಡು, ಮುಂದಿನ ಗಾಜನ್ನೇ ನೋಡುತ್ತ, "ತಪ್ಪು ನಂದು, ಇಮಾಮ್," ಎಂದರು.

"ಅದನ್ನ ಇಲ್ಲಿ ಅನಬ್ಯಾಡ್ರಿ. ಎಲ್ಲಿ ಕಳ್ಳ ಅಂದ್ರಿ, ಅಲ್ಲಿ ಅನ್ರಿ."

ಮರುದಿನ ವಕೀಲರ ಕೋಣೆಯಲ್ಲಿ ಸಾಹೇಬರು ಎದ್ದು ನಿಂತರು. ಇಮಾಮನನ್ನು ಒಳಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಈತ ಕಳ್ಳ ಅಂತ ನಾ ಇಲ್ಲಿ ಹೇಳಿದ್ದೆ. ಅದು ಸುಳ್ಳು. ಕಾರು ಕೆಟ್ಟದ್ದು ನನ್ನ ಮನಿಯವ್ರ ಕೈಯಿಂದ. ಕೇಳೂದು ಏನರ ಇದ್ರ ಈಗ ಕೇಳ್ರಿ." ಯಾರೂ ಏನೂ ಕೇಳಲಿಲ್ಲ, ನಗಲೂ ಇಲ್ಲ. ಅವರು ಗೆದ್ದ ಕೇಸುಗಳು ಎಷ್ಟೋ ನನಗೆ ಮರೆತಿವೆ, ಅವರು ಸೋತ ಈ ಕೇಸು ಮಾತ್ರ ಮರೆತಿಲ್ಲ. ಆ ದಿನ ನಾನು ಅವರನ್ನು ಪ್ರೀತಿಸಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಇಮಾಮನ ಮಗಳ ಮದುವೆ ಹನುಮಸಾಗರದಲ್ಲಿ ಆಯಿತು, ನಾವೆಲ್ಲ ಅದೇ ಕಾರಿನಲ್ಲಿ ಹೋಗಿ ಉಂಡು ಬಂದೆವು.

ಅವ್ವನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಮುಂದಿನ ದೀಪಾವಳಿಯ ಬೆಳಿಗ್ಗೆ ನಮ್ಮ ಮೂವರ ತಲೆಗೂ ಎಣ್ಣೆಯಾದ ಮೇಲೆ ಆಕೆ ಗೊಟ್ಟ ಹಿಡಿದು ಕೊಟ್ಟಿಗೆಗೆ ಹೊರಟಳು. ನಾನು ಹಿಂದೆ ಓಡಿದೆ, ಸಾಹೇಬರು ನಿಧಾನವಾಗಿ ಬಂದರು. ಇಮಾಮ್ ಬಾನೆಟ್ಟು ಎತ್ತಿ ನಿಂತಿದ್ದ. ಬ್ರೇಕಿನ ಎಣ್ಣೆಯ ಬಾಯಿಗೆ ಬಟ್ಟೆ ಮುಚ್ಚಿ, ಅದರ ಪಕ್ಕದಲ್ಲಿ ತೊಳೆದ ಖಾಲಿ ಡಬ್ಬಿಯೊಂದನ್ನು ತಂತಿಯಿಂದ ಬಿಗಿದು ಕಟ್ಟಿದ್ದ. ಕಟ್ಟಿದ ತಂತಿ ನನಗೆ ಪರಿಚಯದ್ದು. ಮುದ್ದೆಮಾಲಿನಿಂದ ಕತ್ತರಿಸಿದ್ದು, ಸಾಹೇಬರೇ ಕೊಟ್ಟದ್ದು.

"ಎಲ್ಲೈತೋ ಇದರ ಬಾಯಿ? ಹೋದ ಸಲ ನಾ ಭಾಳ ಹುಡುಕಿದ್ನಿ," ಅಂದಳು ಅವ್ವ.

"ಇಲ್ಲೈತಿ ಅವ್ವ," ಎಂದು ಇಮಾಮ್ ಡಬ್ಬಿಯ ಮುಚ್ಚಳ ತೆಗೆದ.

ಆಕೆ ಗೊಟ್ಟವನ್ನು ಓರೆ ಮಾಡಿ, ಒಂದು ಹನಿ ಚೆಲ್ಲದಂತೆ, ಎತ್ತಿಗೆ ಕುಡಿಸುವ ಹಾಗೆ ನಿಧಾನವಾಗಿ ಹೊಯ್ದಳು. ಬಾನೆಟ್ಟಿನ ಅಂಚನ್ನು ಎತ್ತಿನ ಕೊರಳ ಗಂಗೆದೊಗಲಿನಂತೆ ಸವರಿದಳು. "ನೋಡು, ಈಗ ಹೆಂಗ ಓಡಾಕತ್ತೈತಿ. ನಡುವ ಒಮ್ಮೆ ಜಡ್ಡು ಬಿದ್ದಿತ್ತಂತ. ನಾ ಹೋದ ಹಬ್ಬಕ್ಕ ಎಣ್ಣಿ ಕುಡಿಸಿದ್ನಿ ಅಂತನ ಉಳೀತು. ಹೌದಿಲ್ಲೋ?" ಎಂದು ಮಗನತ್ತ ತಿರುಗಿದಳು.

ಸಾಹೇಬರ ತುಟಿ ಅಲುಗಿತು. ಇಮಾಮ್ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ. ಸಾಹೇಬರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತಾಯಿಯ ಕೈಯಿಂದ ಖಾಲಿ ಗೊಟ್ಟ ಇಸಿದುಕೊಂಡು, ನ್ಯಾಯಾಧೀಶರಿಗೆ ಬಾಗುವಂತೆ ಆಕೆಗೆ ಸ್ವಲ್ಪ ಬಾಗಿದರು.

"ಪಾಟೀಸವಾಲಿಲ್ಲ," ಅಂದರು.